ನವಗ್ರಾಮದಲ್ಲಿ ಉಳಿದವಳು

ಸಣ್ಣವ್ವ ಇರುವ ಊರಿನಲ್ಲಿ ನೂರಾ ಹನ್ನೆರಡು ಮನೆಗಳಿವೆ. ಸಂಜೆ ದೀಪ ಹತ್ತುವುದು ಒಂದರಲ್ಲಿ ಮಾತ್ರ.

ಮೂಲ ಊರು ಮಲಪ್ರಭೆಯ ದಂಡೆಗಿತ್ತು, ಮೆಣಸಗಿಯಿಂದ ಒಂದು ತಾಸಿನ ಹಾದಿ. ೨೦೦೯ರಲ್ಲಿ ಹೊಳೆ ಆ ಊರನ್ನು ನುಂಗಿತು. ಆಮೇಲೆ ಸರಕಾರ ಐದು ಕಿಲೋಮೀಟರು ಈಚೆ, ಎತ್ತರದ ಎರೆಹೊಲ ಕೊಂಡು ಈ ಮನೆಗಳನ್ನು ಕಟ್ಟಿಸಿ ನವಗ್ರಾಮ ಎಂದು ಹೆಸರಿಟ್ಟಿತು.

ಸಣ್ಣವ್ವನನ್ನು ಪುರ್ತಗೇರಿಗೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲವೆಂದು ಗಂಡ ಇನ್ನೊಬ್ಬಳನ್ನು ಮಾಡಿಕೊಂಡಾಗ ಆಕೆಗೆ ಇಪ್ಪತ್ಮೂರು ವರ್ಷ. ಒಂದು ಟ್ರಂಕು ಹಿಡಿದುಕೊಂಡು ಹೊಳೆದಂಡೆಯ ಆ ಊರಿಗೆ, ತವರಿಗೆ ಬಂದಳು. ತವರೆಂದರೆ ಆಗ ಅಣ್ಣ ರಾಯಣ್ಣ, ಅವನ ಹೆಂಡತಿ ರೇಣುಕವ್ವ. ಕೆಟ್ಟವರಲ್ಲ. ಎಂದೂ ಒಂದು ಬಿರುಸು ಮಾತು ಆಡಲಿಲ್ಲ, ತಾಟು ಹಾಕುವಾಗ ಭೇದ ಮಾಡಲಿಲ್ಲ. ಆದರೆ ಹದಿನೇಳು ವರ್ಷ ಆಕೆ ಮಲಗಿದ್ದು ಪಡಸಾಲೆಯಲ್ಲಿ. ಬೀಗರು ಬಂದ ದಿನ ಹಾಸಿಗೆ ಸುತ್ತಿಕೊಂಡು ದನ ಕಟ್ಟುವ ಕಡೆಗೆ ಹೋಗುತ್ತಿದ್ದಳು. ಹೋಗು ಎಂದು ಯಾರೂ ಹೇಳುತ್ತಿರಲಿಲ್ಲ. ಹೇಳುವ ಪ್ರಸಂಗ ಬರದ ಹಾಗೆ ತಾನೇ ಹೋಗುತ್ತಿದ್ದಳು.

೨೦೦೯ರ ಸೆಪ್ಟೆಂಬರ್ ಕೊನೆಗೆ ಹಿಡಿದ ಮಳೆ ಬಿಡಲಿಲ್ಲ. ಮಣ್ಣಿನ ಮನೆಗಳು ನೀರಿನಲ್ಲಿ ಬೆಲ್ಲ ಕರಗಿದಂತೆ ಕರಗಿದವು. ಜೀವ ಉಳಿಸಿಕೊಂಡವರಿಗೆ ರಸ್ತೆಬದಿಯಲ್ಲಿ ತಗಡಿನ ಶೆಡ್ಡು ಹಾಕಿಕೊಟ್ಟರು. ಕೆಲವು ದಿನಗಳ ಮೇಲೆ ಊರಿನ ಲೆಕ್ಕ ನೋಡುವ ತಲಾಟಿ ಬಂದು ಬೇವಿನ ಗಿಡದ ಕೆಳಗೆ ಕುರ್ಚಿ ಹಾಕಿಕೊಂಡು ಪಟ್ಟಿ ಬರೆಯತೊಡಗಿದ. ಮನೆ ಬಿದ್ದ ಕುಟುಂಬಕ್ಕೆ ಒಂದು ಮನೆ; ಒಲೆ ಬೇರೆ ಇದ್ದರೆ ಕುಟುಂಬ ಬೇರೆ. ರಾಯಣ್ಣ ಹೆಸರು ಬರೆಸಿ ಎದ್ದ. ಅವನ ಹಿಂದೆ ನಿಂತಿದ್ದ ಸಣ್ಣವ್ವ ಕದಲಲಿಲ್ಲ.

“ನಿಂದೇನವಾ?” ಎಂದ ತಲಾಟಿ.

“ನನ್ನ ಹೆಸರೂ ಬರಕೊಳ್ರಿ. ನನ್ನ ಒಲಿ ಬ್ಯಾರೆ ಐತ್ರಿ.”

ಅದು ಸುಳ್ಳು. ಇಡೀ ಊರಿಗೆ ಗೊತ್ತಿದ್ದ ಸುಳ್ಳು. ತಲಾಟಿ ರಾಯಣ್ಣನ ಕಡೆ ತಿರುಗಿ ಖರೇನೇನು ಎಂದು ಕೇಳಿದ. ಅಲ್ಲ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ರಾಯಣ್ಣ ತಂಗಿಯ ಮುಖ ನೋಡಿದ, ಧೋತರದ ಮಣ್ಣು ಝಾಡಿಸಿಕೊಂಡ, ಏನೂ ಹೇಳದೆ ನಡೆದುಹೋದ. ತಲಾಟಿ ಬರೆದುಕೊಂಡ.

ಅಂದು ಸಂಜೆ ಸಣ್ಣವ್ವ ಶೆಡ್ಡಿನ ಹಿಂದೆ ಮೂರು ಕಲ್ಲು ಹೂಡಿ ಬೆಂಕಿ ಮಾಡಿದಳು. ತನ್ನೊಬ್ಬಳಿಗಾಗಿ ಅಡಿಗೆ ಮಾಡಿದ್ದು ಅದೇ ಮೊದಲು. ಅಳತೆ ತಿಳಿಯದೆ ಪಲ್ಲೆ ಹೆಚ್ಚಾಯಿತು. ಒಂದು ಬಟ್ಟಲು ರೇಣುಕವ್ವನಿಗೆ ಒಯ್ದು ಕೊಟ್ಟಳು. ರೇಣುಕವ್ವ ತೆಗೆದುಕೊಂಡಳು. ರಾಯಣ್ಣ ಮಾತ್ರ ಅಂದಿನಿಂದ ತಂಗಿಯ ಕೂಡ ಮಾತು ಬಿಟ್ಟ.

ಎರಡು ವರ್ಷದ ಮೇಲೆ ಹಕ್ಕುಪತ್ರ ಬಂತು. ಎರಡು ಕೋಣೆ, ತಲೆಯ ಮೇಲೆ ಸಿಮೆಂಟಿನ ಮಾಳಿಗೆ, ಒಳಗಿನಿಂದ ಚಿಲಕ ಹಾಕಿಕೊಳ್ಳುವ ಬಾಗಿಲು. ಮೊದಲ ವಾರ ಆಕೆ ಹಗಲಲ್ಲೂ ಚಿಲಕ ಹಾಕಿಕೊಂಡು ಒಳಗೆ ಸುಮ್ಮನೆ ಕೂತಿರುತ್ತಿದ್ದಳು.

ಆದರೆ ಊರು ನಿಲ್ಲಲಿಲ್ಲ. ಹೊಲಗಳೆಲ್ಲ ಹೊಳೆಯ ಕಡೆಗೆ. ದನ ಕಟ್ಟಲು, ಮೇವು ಒಟ್ಟಲು ಇಲ್ಲಿ ಜಾಗವಿಲ್ಲ. ನಳಕ್ಕೆ ಎಂಟು ದಿನಕ್ಕೊಮ್ಮೆ ನೀರು. ಎರೆಮಣ್ಣು ಬೇಸಿಗೆಗೆ ಬಿರಿದು ಗೋಡೆಗಳನ್ನೂ ಬಿರಿಸಿತು. ಬಿತ್ತಿಗೆಗೆಂದು ಹಳೆಯ ಊರಿಗೆ ಹೋದವರು ರಾಶಿ ಮುಗಿದ ಮೇಲೂ ತಿರುಗಿ ಬರಲಿಲ್ಲ. ಬಿದ್ದ ಗೋಡೆಗಳನ್ನು ಅಲ್ಲಿಯೇ ಎತ್ತಿ, ಇಲ್ಲಿಯ ಬಾಗಿಲು ಕಿಟಕಿ ಕಿತ್ತು ಟ್ರ್ಯಾಕ್ಟರಿಗೆ ಹೇರಿದರು. ನಾಲ್ಕನೆಯ ವರ್ಷ ರಾಯಣ್ಣನೂ ಹೋದ. ಸಣ್ಣವ್ವನಿಗೆ ಹೊಲವಿಲ್ಲ, ದನವಿಲ್ಲ. ಹಳೆಯ ಊರಿನಲ್ಲಿ ಅವಳದೆನ್ನುವ ಒಂದು ಮೊಳ ನೆಲವೂ ಇರಲಿಲ್ಲ.

ಎದುರುಮನೆಯ ಮದರಸಾಬ ಉಳಿದಿದ್ದ. ಗಾದಿ ಹೊಲಿಯುವ ಮುದುಕ, ಹೆಂಡತಿ ಇಲ್ಲದವನು. ದಿನಾ ಮುಂಜಾನೆ ಓಣಿಯಾಚೆಯಿಂದ ಎದ್ದೆಯೇನವ್ವಾ ಎಂದು ಕೂಗುತ್ತಿದ್ದ. ಎದ್ದೇನ್ರಿ ಕಾಕಾ ಎಂದು ಇವಳು ಕೂಗುತ್ತಿದ್ದಳು. ಗಾದಿ ಮಾಡಿಸುವ ಜನವೇ ಇಲ್ಲದ ಊರಿನಲ್ಲಿ ಅವನಾದರೂ ಎಷ್ಟು ದಿನ ಇದ್ದಾನು? ೨೦೧೫ರಲ್ಲಿ ಮಗಳು ಫರ್ಜಾನಾ ಬಂದು ಗಜೇಂದ್ರಗಡಕ್ಕೆ ಕರೆದೊಯ್ದಳು. ಗಾಡಿ ಹತ್ತುವಾಗ ಮದರಸಾಬ ಸಣ್ಣವ್ವನ ಕಡೆ ನೋಡಲಿಲ್ಲ.

ಆಮೇಲೆ ಆಕೆ ಒಬ್ಬಳೇ. ವಾರದಲ್ಲಿ ಮೂರು ದಿನ ರೊಟ್ಟಿ ಬಡಿದು, ಅರಿವೆಯಲ್ಲಿ ಕಟ್ಟಿಕೊಂಡು, ಕ್ರಾಸಿನ ತನಕ ನಡೆದು ರೋಣದ ಬಸ್ಸು ಹಿಡಿಯುತ್ತಿದ್ದಳು. ಅಲ್ಲಿ ಶಾಂಭವಿಯ ಖಾನಾವಳಿಗೆ ರೊಟ್ಟಿ ಕೊಟ್ಟು ಬರುವುದು. ಉಳಿದ ನಾಲ್ಕು ದಿನ ಮಾತಿಲ್ಲ. ಒಮ್ಮೊಮ್ಮೆ ಶಾಂಭವಿಯ ಎದುರು ಬಾಯಿ ತೆರೆದರೆ ದನಿ ಕೂಡಲೇ ಹೊರಡುತ್ತಿರಲಿಲ್ಲ, ಕೆಮ್ಮಿ ಸರಿಮಾಡಿಕೊಳ್ಳಬೇಕಾಗುತ್ತಿತ್ತು. ಬಾಗಿಲಿಲ್ಲದ ಮನೆಗಳೊಳಗೆ ಜಾಲಿಕಂಟಿ ಬೆಳೆದು ಕಿಟಕಿಯಿಂದ ಹೊರಗೆ ಬಂತು. ಹಾವಿಗೆ, ಕಳ್ಳರಿಗೆ ಆಕೆ ಹೆದರಲಿಲ್ಲ. ತಾಳಲಾಗದ್ದು ಸಂಜೆಯ ನಾಲ್ಕು ಗಂಟೆ. ಊರೆಂದಮೇಲೆ ಆ ಹೊತ್ತಿಗೆ ಸಾಲಿ ಬಿಟ್ಟು ಹುಡುಗರು ಬರಬೇಕು, ಯಾರೋ ಯಾರನ್ನೋ ಕರೆಯಬೇಕು. ಆ ಹೊತ್ತಿಗೆ ಆಕೆ ಬಾರಿಗೆ ಹಿಡಿದು ಅಕ್ಕಪಕ್ಕದ ಮನೆಗಳ ಅಂಗಳವನ್ನೂ ಗುಡಿಸುತ್ತಿದ್ದಳು.

೨೦೧೯ರ ಆಗಸ್ಟಿನಲ್ಲಿ ಹೊಳೆ ಮತ್ತೆ ಏರಿತು. ಒಂದು ಮಧ್ಯಾಹ್ನ ಟ್ರ್ಯಾಕ್ಟರಿನ ಹಿಂದೆ ಟ್ರ್ಯಾಕ್ಟರು, ಇಡೀ ಊರೇ ಬಂದಿಳಿಯಿತು. ರಾಯಣ್ಣ ತನ್ನ ಮನೆಯ ಮುಂದೆ ನೆನೆಯುತ್ತ ನಿಂತ. ಬಾಗಿಲಿರಲಿಲ್ಲ, ಒಳಗೆ ಮೊಣಕಾಲುದ್ದ ಕಂಟಿ. ಸಣ್ಣವ್ವ ಹೋಗಿ ರೇಣುಕವ್ವನ ಕೈಯೊಳಗಿನ ಗಂಟು ಇಸಿದುಕೊಂಡಳು. ಅವರ ಮಗಳು ಪೂಜಾ ಮೊದಲು ಒಳಗೆ ಬಂದಳು, ಅವಳ ಹಿಂದೆ ಮನೆಯ ಉಳಿದ ಮಂದಿ. ಎಲ್ಲರಿಗಿಂತ ಕೊನೆಗೆ, ತಲೆ ಬಗ್ಗಿಸಿಕೊಂಡು, ರಾಯಣ್ಣ.

ಹದಿನೆಂಟು ದಿನ ಎರಡು ಕೋಣೆಯಲ್ಲಿ ಏಳು ಜನ. ಗೋಡೆಯಾಚೆ ಯಾರೋ ಕೆಮ್ಮುವುದು, ಕೂಸು ಅಳುವುದು, ಓಣಿಯಲ್ಲಿ ಗಂಡಸರ ಹರಟೆ. ಆ ಸದ್ದಿನಲ್ಲಿ ಸಣ್ಣವ್ವನಿಗೆ ಬಂದಂಥ ನಿದ್ದೆ ವರ್ಷಗಳಿಂದ ಬಂದಿರಲಿಲ್ಲ. ಊರು ನೀರಲ್ಲಿ ನಿಂತಿರುವಾಗ ತನಗೆ ಹೀಗೆ ಹಿತವಾಗುತ್ತದಲ್ಲ ಎಂದು ಆಕೆ ನಾಚಿಕೊಂಡಳು. ನೀರು ಇಳಿಯಿತೆಂದು ಸುದ್ದಿ ಬಂದಾಗ ಎಲ್ಲರೂ ಕೈ ಮುಗಿದರು. ಆಕೆ ಒಳಗೆ ಹೋಗಿ ಹಿಟ್ಟು ನಾದಿದಳು.

ಸಾಮಾನು ಹೇರಿದ ಮೇಲೆ ರಾಯಣ್ಣ ತಿರುಗಿ ಬಾಗಿಲಿಗೆ ಬಂದ. ಆ ಹದಿನೆಂಟು ದಿನಗಳಲ್ಲಿಯೂ ನೀರು, ಉಪ್ಪು ಎಂಬುದರ ಹೊರತು ಅವನು ಮಾತಾಡಿರಲಿಲ್ಲ.

“ನೀನೂ ಬಾ. ಒಬ್ಬಾಕಿ ಇಲ್ಲೆ ಏನ್ ಮಾಡ್ತಿ?”

ಈ ಒಂದು ಮಾತಿಗಾಗಿ ಆಕೆ ಎಷ್ಟೋ ವರ್ಷ ಕಾದಿದ್ದಳು. “ಬರ್ತೀನಿ ಅಣ್ಣಾ. ಎಲ್ಲಿ ಮಲಗ್ಲಿ?”

ರಾಯಣ್ಣ ನಿಜವಾಗಿಯೇ ಯೋಚಿಸಿದ. “ಪಡಸಾಲಿ ಐತಲ್ಲ,” ಎಂದ.

ಅವನ ದನಿಯಲ್ಲಿ ಕುಹಕವಿರಲಿಲ್ಲ. ಅವನಿಗೆ ತಿಳಿದಿದ್ದೇ ಅಷ್ಟು. ಸಣ್ಣವ್ವ ರೊಟ್ಟಿಯ ಗಂಟು ಅವನ ಕೈಗಿಟ್ಟಳು. “ನೀ ಹೋಗಣ್ಣಾ. ಮತ್ತ ನೀರ ಬಂದ್ರ ಎಲ್ಲಾರೂ ಬರ್ರಿ.”

ಆ ಸಂಜೆ ನಾಲ್ಕಕ್ಕೆ ಆಕೆ ಗುಡಿಸಲಿಲ್ಲ. ಓಣಿಯ ತುಂಬ ಮಂದಿಯ ಹೆಜ್ಜೆ ಗುರುತುಗಳಿದ್ದವು. ಗಾಳಿ ಅಳಿಸುವ ತನಕ ಹಾಗೆಯೇ ಬಿಟ್ಟಳು.

ಮೂರು ವರ್ಷದ ಮೇಲೆ ನವಗ್ರಾಮದ ಕರೆಂಟು ಹೋಯಿತು, ನಳವೂ ನಿಂತಿತು. ಅಲ್ಲಿ ಯಾರೂ ವಾಸವಿಲ್ಲ ಎಂದು ಯಾವುದೋ ಕಾಗದದಲ್ಲಿ ಬರೆದಿದ್ದರು. ಸಣ್ಣವ್ವ ಹಕ್ಕುಪತ್ರ ಹಿಡಿದು ಕಚೇರಿಗೆ ಹೋದಳು. ಗುಮಾಸ್ತ ಸಣ್ಣ ವಯಸ್ಸಿನವನು, ಮೆತ್ತಗೆ ಮಾತಾಡುವವನು.

“ಯಾರೂ ಇಲ್ಲಂತ ಬರದಾರವಾ.”

“ನಾ ಅದೀನಲ್ರಿ.”

“ಒಬ್ಬಾಕಿಗೆ ಒಂದ್ ಊರು ಅಂತ ಹ್ಯಾಂಗ ಬರೀಲಿ?”

ಸಣ್ಣವ್ವ ತಿರುಗಿ ಬರದೆ ಅಲ್ಲಿಯೇ ಬಾಕಿನ ಮೇಲೆ ಕೂತಳು. ಮರುದಿನ ಹೋದಳು, ಅದರ ಮರುವಾರವೂ ಹೋದಳು. ಕೊನೆಗೆ ರಸ್ತೆಯ ಕಂಬದಿಂದ ಆಕೆಯ ಮನೆಯೊಂದಕ್ಕೆ ತಂತಿ ಎಳೆದುಕೊಟ್ಟರು. ನಳ ಮಾತ್ರ ಬರಲಿಲ್ಲ. ಕ್ರಾಸಿನ ಬೋರಿನಿಂದ ಹೊತ್ತು ತರುತ್ತಾಳೆ.

ಈಗ ಆಕೆಗೆ ಐವತ್ತಾರು, ಮೊಣಕಾಲು ಹಿಡಿಯುತ್ತದೆ. ಮಳೆಗಾಲದಲ್ಲಿ ಪೂಜಾ ಫೋನು ಮಾಡಿ ಅತ್ತೆ, ನಿನ್ನ ಮನೆ ಸೋರುತ್ತದೆಯೇ ಎಂದು ವಿಚಾರಿಸುತ್ತಾಳೆ. ಹೋದ ಉಗಾದಿಯ ಹೊತ್ತಿಗೆ ಶಾಂಭವಿ ಒಂದು ಮಾತು ಹೇಳಿದಳು. ಖಾನಾವಳಿಯ ಹಿಂದೆ ಒಂದು ಕೋಣೆ ಖಾಲಿ ಇದೆ, ಬೀಗದ ಕೈ ನಿನ್ನ ಹತ್ತಿರವೇ ಇರಲಿ, ಇಲ್ಲೇ ಬಂದು ರೊಟ್ಟಿ ಮಾಡು. ಸಣ್ಣವ್ವ ಹೋಗಿ ಆ ಕೋಣೆಯನ್ನು ನೋಡಿದಳು. ಚಲೋ ಇತ್ತು. ಗೋಡೆಯಾಚೆ ಪಾತ್ರೆ ತೊಳೆಯುವ ಹೆಂಗಸರು ಮಾತಾಡುತ್ತಿದ್ದರು. ಅದನ್ನು ಕೇಳುತ್ತ ಬಹಳ ಹೊತ್ತು ನಿಂತಳು. ತಾನೂ ಬಂದುಬಿಟ್ಟರೆ, ಮತ್ತೆ ಹೊಳೆ ಏರಿದ ದಿನ ನವಗ್ರಾಮದಲ್ಲಿ ಬಾಗಿಲು ತೆರೆಯುವವರು ಯಾರು ಎಂಬ ಯೋಚನೆ ಬಂತು. ಒಂದು ಮಳೆಗಾಲ ಹೋಗಲಿ, ಹೇಳುತ್ತೇನೆ ಎಂದು ಶಾಂಭವಿಗೆ ತಿಳಿಸಿ ಐದರ ಬಸ್ಸು ಹಿಡಿದಳು.