ಜಟ್ಟಿಂಗಪ್ಪ ನೆಟ್ಟ ಕಲ್ಲು

ಬೆಳಕು ಹರಿಯುವ ಮೊದಲೇ ಜಟ್ಟಿಂಗಪ್ಪ ಕಾಡಂಚಿನ ಕಲ್ಲೊಂದರ ಎದುರು ಕುಕ್ಕರುಗಾಲಲ್ಲಿ ಕೂತು ಮಣ್ಣು ನೋಡುತ್ತಿದ್ದಾನೆ. ಕಲ್ಲಿಗೆ ಕುಂಕುಮವಿದೆ, ಮುಂದೆ ಹಣತೆಯಿದೆ. ಅವೆರಡರ ಕಡೆಗೂ ಅವನ ಗಮನವಿಲ್ಲ. ನರಿ ಕೆರೆದಿದೆಯೇ, ನಾಯಿ ಬಗೆದಿದೆಯೇ, ಯಾರಾದರೂ ಗುದ್ದಲಿ ಹಾಕಿದ್ದಾರೆಯೇ, ಅಷ್ಟು ಗೊತ್ತಾಗಬೇಕು. ಎದ್ದವನು ಜೊತೆಗೆ ಬಂದವರ ಕಾಲನ್ನೂ ಬಿಡುವುದಿಲ್ಲ. “ಚಪ್ಪಲಿ ಅಲ್ಲೇ ಕೊಡವಿ ಬನ್ನಿ” ಎನ್ನುತ್ತಾನೆ.

ಹೊಸನಗರ ಸೀಮೆಯ ಒಂದು ದನದ ಆಸ್ಪತ್ರೆಯಲ್ಲಿ ಈತ ಜವಾನ. ಯಾರದಾದರೂ ದನ ಇದ್ದಕ್ಕಿದ್ದಂತೆ ಸತ್ತಿತೆಂದರೆ ಮೊದಲು ಓಡಬೇಕಾದವನು ಇವನೇ. ಕಿವಿಯ ನರಕ್ಕೆ ಸೂಜಿ ಚುಚ್ಚಿ, ಒಂದು ತೊಟ್ಟು ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ತೆಳ್ಳಗೆ ಎಳೆದು ಡಾಕ್ಟರಿಗೆ ತಂದುಕೊಡುತ್ತಾನೆ. ಇಂಥವನನ್ನು ಊರು ನಂಬೀತೇ? ಸತ್ತ ಎಮ್ಮೆಯ ರಕ್ತ ಇವನಿಗೆ ಯಾಕಂತೆ, ಅಮಾವಾಸ್ಯೆಗೆ ಏನು ಮಾಡುತ್ತಾನಂತೆ ಎಂದು ಬಸ್ಸು ಕಾಯುವವರಿಗೆಲ್ಲ ಅದೇ ಮಾತು. ಅವನೂ ಏನು ಕಮ್ಮಿಯಲ್ಲ. ಹಾವು ಕಚ್ಚಿತು ಎಂದರೂ ನಂಬುವುದಿಲ್ಲ, ದಾಯಾದಿಗಳು ವಿಷ ಹಾಕಿದರು ಎಂದರೂ ನಂಬುವುದಿಲ್ಲ. ಸತ್ತ ದನದ ಮೂಗಿನಲ್ಲಿ ಕಪ್ಪು ರಕ್ತ ಕಂಡರೆ ಅವನಿಗೆ ನೆನಪಾಗುವುದು ನೆರಡಿ ರೋಗ, ಡಾಕ್ಟರು ಆಂಥ್ರಾಕ್ಸ್ ಎನ್ನುವುದು, ಅದೊಂದೇ.

ಈ ಅನುಮಾನ ಹತ್ತಿಕೊಂಡದ್ದು ಸಾಗರದಲ್ಲಿ. ನೌಕರಿಗೆ ಸೇರಿದ ಹೊಸತರಲ್ಲಿ ತರಬೇತಿಗೆಂದು ಕಳಿಸಿದ್ದರು. ಅಲ್ಲಿನ ಡಾಕ್ಟರು ಬಣ್ಣ ಹಾಕಿದ ಗಾಜನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡು ಎಂದರು. “ನೀಲಿ ಕಡ್ಡಿಗಳು ಸಾಲಾಗಿದ್ವು. ಸುತ್ತ ನಸುಗೆಂಪು ಅಂಗಿ ತೊಟ್ಕಂಡಿದ್ವು” ಎನ್ನುತ್ತಾನೆ. ಪುಸ್ತಕದವರು ಕವಚ ಎನ್ನುವುದು ಆ ಅಂಗಿಯನ್ನೇ. ದನದ ಮೈಯೊಳಗಿರುವಾಗ ರೋಗಾಣುವಿಗೆ ಅದೇ ಕಾವಲು. ಸತ್ತ ದನದ ಹೊಟ್ಟೆ ಸೀಳಿ ಗಾಳಿ ತಾಗಿಸಿದರೆ ಅದು ಅಂಗಿ ಬಿಟ್ಟು ಬೀಜ ಕಟ್ಟಿಕೊಳ್ಳುತ್ತದೆ. ಅಂಥದೇ ಇನ್ನೊಂದು ಸಾಧು ಜಾತಿಯ ಬೀಜವನ್ನೂ ತೋರಿಸಿದ್ದರಂತೆ, ಕೆಂಪು ಕಡ್ಡಿಯೊಳಗೆ ಹಸಿರು ಚುಕ್ಕಿ. ರೋಗದ ಬೀಜವೂ ಹೀಗೇ, ಬಿಸಿಲಿಗೆ ಒಣಗುವುದಿಲ್ಲ, ಮಳೆಗೆ ಕೊಳೆಯುವುದಿಲ್ಲ, ಮೇಯುವ ಬಾಯಿ ಬರುವವರೆಗೆ ವರ್ಷಗಟ್ಟಲೆ ಮಣ್ಣಲ್ಲಿ ಕಾದಿರುತ್ತದೆ ಎಂದರಂತೆ. “ಅವತ್ತಿಂದ ನಂಗೆ ಮಣ್ಣಿನ ಮೇಲೆ ನಂಬಿಕೆ ಇಲ್ಲ ನೋಡಿ.”

ಈ ಕಲ್ಲಿನಡಿ ಇರುವುದು ಗಿರಿಯಪ್ಪನೆಂಬ ರೈತನ ಎತ್ತು. ಅದರ ರಕ್ತದಲ್ಲಿ ಅಂಗಿ ತೊಟ್ಟ ಕಡ್ಡಿಗಳು ಸಿಕ್ಕಿದ್ದವು. ಚರ್ಮ ಸುಲಿಯಲು ಬಿಡದೆ, ಆಳವಾದ ಗುಂಡಿ ತೋಡಿಸಿ, ಸುಣ್ಣ ಸುರಿದು ಇಡಿಯಾಗಿ ಹೂಳಿಸಿದ ಜಟ್ಟಿಂಗಪ್ಪ, ಗುರುತಿಗಿರಲಿ ಎಂದು ಕಲ್ಲು ನೆಟ್ಟು ಸುತ್ತ ಮುಳ್ಳು ಹಾಕಿದ. ಅಲ್ಲಿಗೆ ಮುಗಿಯಬೇಕಿತ್ತು.

ಆಮೇಲೆ ಮುಳುಗಡೆಯವರು ಬಂದರು. ಶರಾವತಿಯ ನೀರು ಮನೆ, ಗದ್ದೆಯ ಜೊತೆಗೆ ಅವರ ಊರು ಕಾಯುವ ದೇವತೆ ಚೌಡಿಯನ್ನೂ ನುಂಗಿತ್ತು. ಅವರಲ್ಲೊಬ್ಬಳು ಮಾಸ್ತಮ್ಮ, ಎರಡು ಹಸು ಕಟ್ಟಿಕೊಂಡ ವಿಧವೆ. ಕಾಡಂಚಿನಲ್ಲಿ ಒಂಟಿ ಕಲ್ಲು, ಸುತ್ತ ಮುಳ್ಳು. ಈ ನೆಲದ ಚೌಡಿ ಇವಳೇ ಎಂದು ಕುಂಕುಮ ಇಟ್ಟಳು, ದೀಪ ಹಚ್ಚಿದಳು. ಕೇರಿಯವರೂ ಕೈ ಮುಗಿದರು. ಜಟ್ಟಿಂಗಪ್ಪ ಕಂಡೂ ಕಾಣದ ಹಾಗೆ ಇದ್ದುಬಿಟ್ಟ. “ದೀಪ ಇದ್ದಲ್ಲಿ ಯಾರೂ ಗುದ್ದಲಿ ಹಾಕಲ್ಲ. ಬೇಲಿಗಿಂತ ಗಟ್ಟಿ ಆಯ್ತಲ್ಲ ಅಂದ್ಕಂಡೆ.”

ಕಳೆದ ಮಳೆಗಾಲದಲ್ಲಿ ಒಂದು ಬೆಳಗ್ಗೆ ಕಲ್ಲಿನ ಬುಡದಲ್ಲಿ ಮಣ್ಣು ಬಗೆದ ಬೆರಳ ಗುರುತು ಕಂಡಿತು. ಸೀದಾ ಮಾಸ್ತಮ್ಮನ ಕೊಟ್ಟಿಗೆಗೆ ಓಡಿದ. ಮಣ್ಣಿನ ಗಂಟು ಅಲ್ಲೇ ಗೂಟಕ್ಕೆ ತೂಗುತ್ತಿತ್ತು. ಮಂಗಳವಾರ ಕಲಗಚ್ಚಿಗೆ ಬೆರೆಸಿ ಹಸುಗಳಿಗೆ ಚೌಡಿಯ ಪ್ರಸಾದ ಕುಡಿಸುವ ಯೋಚನೆ ಅವಳದು.

“ಮಾಸ್ತಕ್ಕ, ಅದು ಕೊಡು. ಅದ್ರಲ್ಲಿ ರೋಗದ ಬೀಜ ಇದ್ರೂ ಇರಬಹುದು” ಎಂದ.

“ಎಲ್ಲಿ, ತೋರ್ಸು.”

“ಕಣ್ಣಿಗೆ ಕಾಣಲ್ಲ.”

“ಕಾಣದೇ ಇರೋ ಬೀಜ ನಂಬಬೇಕು, ಚೌಡೀನ ಮಾತ್ರ ನಂಬಬಾರ್ದು ಅಂತೀಯನಾ? ಈ ಊರಿನವ್ರು ಕಳ್ಸಿದ್ರಾ ನಿನ್ನ? ದೇವ್ರನ್ನೂ ಇಟ್ಕೊಳ್ಳೋಕೆ ಬಿಡದಿಲ್ಲನಾ?”

ಇನ್ನು ಮುಚ್ಚಿಟ್ಟು ಉಪಯೋಗವಿರಲಿಲ್ಲ. “ಅದು ಚೌಡಿ ಅಲ್ಲ. ನಾನೇ ನೆಟ್ಟ ಕಲ್ಲು. ಅದ್ರ ಅಡಿಗೆ ಗಿರಿಯಪ್ಪನ ಎತ್ತು ಇದೆ. ಬೇಕಾದ್ರೆ ಅವ್ನನ್ನೇ ಕೇಳು.”

ಮಾಸ್ತಮ್ಮ ಅವನ ಮುಖವನ್ನೇ ನೋಡಿದಳು. “ಗೊತ್ತಿದ್ದೂ ನಾನು ದೀಪ ಹಚ್ಚೋದು ನೋಡ್ತಾ ಸುಮ್ನಿದ್ಯಾ?” ಎಂದಳು. ಗಂಟನ್ನು ಅವನ ಕಾಲ ಬಳಿ ಎಸೆದು ಒಳಗೆ ಹೋದಳು. ಜಟ್ಟಿಂಗಪ್ಪ ಅದನ್ನು ಬಟ್ಟೆ ಸಮೇತ ಕೆಂಡಕ್ಕೆ ಹಾಕಿದ.

ಕಲ್ಲಿನ ಮುಂದೆ ದೀಪ ಹಚ್ಚುವುದು ನಿಂತಿತು. ದೇವರಲ್ಲದ ಜಾಗ ಎಂದು ಗೊತ್ತಾದರೆ ನಾಳೆ ಯಾರಾದರೂ ನೇಗಿಲು ಹೂಡುತ್ತಾರೆ, ಯಾರ ದನವೋ ಮೇಯುತ್ತದೆ. ಅವನಿಗೆ ಅನ್ನ ಸೇರದಾಯಿತು. ಹೀಗೇ ಒಂದು ಮುಂಜಾವು ಹೋಗಿ ನೋಡಿದರೆ ಹಣತೆ ಉರಿಯುತ್ತಿದೆ. ಮಾಸ್ತಮ್ಮ ಸೊಂಟ ಬಗ್ಗಿಸಿ ಕಲ್ಲಿನ ಸುತ್ತ ಹೊಸ ಮುಳ್ಳು ಒಟ್ಟುತ್ತಿದ್ದಾಳೆ.

“ಮಣ್ಣು ಮುಟ್ಟಬೇಡಿ ಅಂತ ಚೌಡಿ ಕನಸಲ್ಲಿ ಬಂದು ಹೇಳಿದ್ಲು ಅಂತ ಕೇರಿಗೆಲ್ಲ ಹೇಳಿದೀನಿ” ಎಂದಳು, ತಲೆ ಎತ್ತದೆ. “ನಂಗೆ ಹೇಳಿದ್ದು ಸಾಕು. ಇನ್ನೊಬ್ರಿಗೆ ಹೇಳ್ಬೇಡ.”

ಪತ್ರಿಕೆಗೆ ಒಂದು ಫೋಟೋ ಎಂದರೆ ಜಟ್ಟಿಂಗಪ್ಪ ಟವೆಲಿನಿಂದ ಮುಖ ಮುಚ್ಚಿಕೊಳ್ಳುತ್ತಾನೆ. ಊರಿನ ಹೆಸರು ಬೇಡ, ತನ್ನ ಹೆಸರೂ ಬೇಡ, ಓದಿದವರು ಬಂದು ಅಗೆದು ನೋಡುವವರೇ ಎನ್ನುತ್ತಾನೆ. ಆದ್ದರಿಂದ ಇಲ್ಲಿರುವ ಹೆಸರು ಯಾವುದೂ ಅವರದಲ್ಲ. ನಾವು ಒಪ್ಪಿಕೊಂಡ ಮಾತಿನ ಮೇಲೂ ಅವನಿಗೆ ನಂಬಿಕೆಯಿಲ್ಲ. ರಿಪ್ಪನ್‌ಪೇಟೆಯ ಬಸ್ಸು ಹೊರಡುವವರೆಗೂ ನಿಂತಿದ್ದು, ಕಿಟಕಿಯ ಹತ್ತಿರ ಬಂದು ಮತ್ತೊಮ್ಮೆ ಕೇಳುತ್ತಾನೆ:

“ಹೆಸರು ಹಾಕಲ್ಲ ತಾನೇ? ನಾನು ಹೋದ ಮೇಲೂ ಅಲ್ಲೊಂದು ದೀಪ ಉರೀತಿದ್ರೆ ಸಾಕು ನಂಗೆ.”