ಟೈಪಿಂಗ್ ಮಾಸ್ತರರೂ ಒಂದು ಎಂಬ ಅಂಕಿಯೂ

ಹೋದ ತಿಂಗಳು ಜೇವರ್ಗಿಯ ನಮ್ಮ ಆಫೀಸಿನಲ್ಲಿ ಒಂದು ಸಣ್ಣ ನಗೆಯ ಪ್ರಸಂಗ ನಡೆಯಿತು. ವರ್ಗವಾಗಿ ಬಂದಿದ್ದ ಹಿರಿಯ ಗುಮಾಸ್ತರೊಬ್ಬರು ಹೊಸ ಕಂಪ್ಯೂಟರಿನ ಮುಂದೆ ಬೆವರುತ್ತ ಕುಳಿತಿದ್ದರು. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಕೊಟ್ಟಾಗಿತ್ತು, ನೋಡಿ ನೋಡಿ ಒತ್ತಿದರೂ ಅದು ಒಳಗೆ ಬಿಡುತ್ತಿರಲಿಲ್ಲ. “ಇದು ನನ್ನ ಮ್ಯಾಲ ಸಿಟ್ಟಾಗ್ಯಾದ ನೋಡ್ರಿ ಮೇಡಂ” ಎಂದರು. ನಾನು ಹಿಂದೆ ನಿಂತು ಅವರ ಬೆರಳು ನೋಡಿದೆ. ಚೀಟಿಯಲ್ಲಿ ಒಂದು ಎಂಬ ಅಂಕಿ ಬಂದಾಗಲೆಲ್ಲ ಅವರ ಬಲಗೈಯ ಉಂಗುರ ಬೆರಳು ಸಲೀಸಾಗಿ ಹೋಗಿ ಇಂಗ್ಲಿಷಿನ ಚಿಕ್ಕ ಎಲ್ ಅಕ್ಷರದ ಮೇಲೆ ಕೂಡುತ್ತಿತ್ತು.

ಟೈಪ್‌ರೈಟರ್ ಕಲಿತವರಿಗೆ ಈಗಾಗಲೇ ತಿಳಿದಿರುತ್ತದೆ. ಕಲಿಯದವರಿಗೆ ಹೇಳುತ್ತೇನೆ. ಆ ಹಳೆಯ ಮಷಿನ್ನುಗಳಲ್ಲಿ ಬಹಳಷ್ಟಕ್ಕೆ ಒಂದರ ಕೀಯೇ ಇರಲಿಲ್ಲ. ಅಂಕಿಗಳ ಸಾಲು ಎರಡರಿಂದಲೇ ಶುರು. ಒಂದು ಬೇಕಾದರೆ ಚಿಕ್ಕ ಎಲ್ ಒತ್ತಬೇಕು, ಕಾಗದದ ಮೇಲೆ ಎರಡೂ ಒಂದೇ ಥರ ಕಾಣುತ್ತಿದ್ದವು. ವರ್ಷಗಟ್ಟಲೆ ಹಾಗೆ ಬಡಿದ ಬೆರಳಿಗೆ ಕಂಪ್ಯೂಟರ್ ಬಂತೆಂಬ ಸುದ್ದಿ ಮುಟ್ಟುವುದಿಲ್ಲ.

ಎಲ್ಲರೂ ನಕ್ಕರು. ನನ್ನ ನಗೆ ಅರ್ಧಕ್ಕೇ ನಿಂತಿತು. “ಟೈಪಿಂಗ್ ಎಲ್ಲಿ ಕಲ್ತೀರಿ?” ಎಂದು ಕೇಳಿದೆ.

“ಆಳಂದದಾಗ್ರಿ, ಚನ್ನಬಸಪ್ಪ ಮಾಸ್ತರ್ ಕಡಿ. ಪಾಪ, ಅವರಿಗೆ ಹ್ವಾದ ವರ್ಷ ಲಕ್ವಾ ಹೊಡದದ. ಎಡಗೈ, ಎಡಗಾಲು ಎರಡೂ ಹೋಗ್ಯಾವ. ಗೊಬ್ಬೂರದಾಗ ಮಗಳ ಮನ್ಯಾಗ ಅದಾರ.”

ನಾನೂ ಅವರ ಹತ್ತಿರವೇ ಕಲಿತವಳು ಎಂದು ಹೇಳಲು ಬಾಯಿ ಬರಲಿಲ್ಲ. ಫೈಲು ಹುಡುಕುವವಳಂತೆ ಕಪಾಟಿನ ಕಡೆ ಹೋದೆ.

ಆಳಂದದ ಬಸ್‌ಸ್ಟ್ಯಾಂಡಿನ ಹಿಂದೆ, ತೊಗರಿ ಅಡತಿ ಅಂಗಡಿಯೊಂದರ ಮೇಲಂತಸ್ತಿನಲ್ಲಿ ಮಾಸ್ತರರ ಇನ್‌ಸ್ಟಿಟ್ಯೂಟ್ ಇತ್ತು. ಕೆಳಗೆ ಚೀಲ ಸುರಿದರೆ ಮೇಲೆ ನಮಗೆ ಸೀನು. ಹನ್ನೆರಡು ಮಷಿನ್ನುಗಳು, ಪ್ರತಿಯೊಂದರ ಕೀಗಳ ಮೇಲೂ ಮರದ ಮುಚ್ಚಳ. ಕೈ ಒಳಗೆ ತೂರಿಸಿ ನೋಡದೆ ಬಡಿಯಬೇಕು. ಮಾಸ್ತರರು ನಮ್ಮ ಕಡೆ ನೋಡುತ್ತಲೇ ಇರಲಿಲ್ಲ. ಹಣೆಗೆ ಮೂರು ಬೆರಳ ವಿಭೂತಿ ಹಚ್ಚಿಕೊಂಡು, ಕಿಟಕಿಯ ಹತ್ತಿರ ಕಣ್ಣು ಮುಚ್ಚಿ ನಿಂತಿರುತ್ತಿದ್ದರು. ಹನ್ನೆರಡು ಮಷಿನ್ನುಗಳ ಆ ಗದ್ದಲದೊಳಗಿಂದ ಒಂದನ್ನು ಬೇರೆ ತೆಗೆದು, “ನಾಕನೇ ಮಷಿನ್, ಎರಡು ಕೀ ಕೂಡೇ ಬಿದ್ದಾವ, ಹಾಳಿ ತಗಿ” ಎನ್ನುತ್ತಿದ್ದರು. ಹೋಗಿ ನೋಡಿದರೆ ಹಾಗೇ ಆಗಿರುತ್ತಿತ್ತು. ಮನುಷ್ಯನಿಗೆ ಇಂಥ ಕಿವಿ ಇರಬಾರದು ಎಂದು ನಾವು ಹುಡುಗಿಯರು ಮೆಟ್ಟಿಲ ಮೇಲೆ ಬೈದುಕೊಳ್ಳುತ್ತಿದ್ದೆವು.

ನನ್ನ ಮಟ್ಟಿಗೆ ಆ ಬೈಗುಳ ಬರೀ ತಮಾಷೆಯಾಗಿರಲಿಲ್ಲ. ಸೀನಿಯರ್ ಪರೀಕ್ಷೆಗೆ ನನ್ನ ಅರ್ಜಿಯನ್ನು ಅವರು ಎರಡು ಸಲ ತಡೆದಿದ್ದರು. “ನಿನ್ನ ಕೈ ಅವಸರ ಮಾಡ್ತದವ್ವ. ಇನ್ನ ಆರು ತಿಂಗಳು ತಡಿ” ಎಂಬುದೇ ಅವರ ಮಾತು. ಅವರಿಗೇನು, ಆರು ತಿಂಗಳು ಎಂದರೆ ಆರು ತಿಂಗಳು. ನಮ್ಮ ಮನೆಯಲ್ಲಿ ಆಗಲೇ ವರ ನೋಡುತ್ತಿದ್ದರು. ಸರ್ಟಿಫಿಕೇಟಿಲ್ಲದೆ ಮದುವೆಯಾದರೆ ನನ್ನ ಟೈಪಿಂಗ್ ಒಲೆಯ ಮುಂದೆ ಮುಗಿಯುತ್ತದೆ ಎಂದು ನನಗೆ ಗೊತ್ತಿತ್ತು. ಇದನ್ನು ಅವರಿಗೆ ಬಿಡಿಸಿ ಹೇಳುವ ಧೈರ್ಯವಿರಲಿಲ್ಲ, ಆದ್ದರಿಂದ ಸಿಟ್ಟು ಮಾಡಿಕೊಂಡೆ.

ಆಗಲೇ, ತೊಂಬತ್ತರ ಇಸವಿಯ ಸುಮಾರಿಗೆ, ಮಾಸ್ತರರು ಸೊಲ್ಲಾಪುರದಿಂದ ಒಂದು ಹಳೆಯ ಕಂಪ್ಯೂಟರ್ ತಂದರು. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡೇ ತಂದರಂತೆ. ಅದರ ಜೊತೆ ಬಂದ ಫ್ಲಾಪಿಯಲ್ಲಿ ಒಂದು ಆಟವಿತ್ತು. ಪರದೆಯ ಕೆಳಗೆ ಸಾಲಾಗಿ ಪುಟ್ಟ ಮನೆಗಳು, ಮೇಲಿಂದ ಅಕ್ಷರಗಳು ಉದುರುತ್ತವೆ. ಬೀಳುವ ಅಕ್ಷರದ ಕೀ ಒತ್ತಿದರೆ ಕುಂಯ್ ಎಂದು ಅದು ಒಡೆಯುತ್ತದೆ, ತಡವಾದರೆ ಮನೆ ಕುಸಿಯುತ್ತದೆ. ತಪ್ಪು ಕೀ ಒತ್ತಿದರೆ ಆಟ ಏನೂ ಅನ್ನುವುದಿಲ್ಲ, ಸುಮ್ಮನಿರುತ್ತದೆ. ಆಲಿಕಲ್ಲು ಸುರಿದಂತೆ ಕಾಣುತ್ತಿದ್ದರಿಂದ ನಾವದನ್ನು ಆಣೆಕಲ್ಲಿನ ಆಟ ಎನ್ನುತ್ತಿದ್ದೆವು. ಮಾಸ್ತರರು ಅದನ್ನು ಎಷ್ಟು ಹಚ್ಚಿಕೊಂಡರೆಂದರೆ, ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವುದನ್ನೂ ಮರೆತು ಆಡುತ್ತಿದ್ದರು. ಅವರು ನಕ್ಕಿದ್ದನ್ನು ನಾನು ಮೊದಲು ನೋಡಿದ್ದು ಆಗಲೇ.

ದಸರೆಯ ಖಂಡೆಪೂಜೆಯ ದಿನ ಮಷಿನ್ನುಗಳನ್ನೆಲ್ಲ ಒರೆಸಿ ವಿಭೂತಿ ಹಚ್ಚಿ ಹೂ ಏರಿಸುವುದು ವಾಡಿಕೆ. ಅಂದು ಟೈಪಿಂಗ್ ಇಲ್ಲ. ಹುಡುಗ ಹುಡುಗಿಯರು, ಅವರ ಮನೆಯವರು, ಕೆಳಗಿನ ಅಡತಿಯವರು ಎಲ್ಲ ಸೇರಿದ್ದರು. ಯಾರೋ ಮಾಸ್ತರರ ಎದುರು ಆಡುವವರು ಯಾರು ಎಂದರು. ನಾನು ಮುಂದೆ ಬಂದೆ. ಆಟದಲ್ಲಿ ಎರಡು ಬಗೆ ಇದ್ದವು, ಬರೀ ಅಕ್ಷರ ಇಲ್ಲವೇ ಅಂಕಿ ಸೇರಿಸಿದ ಅಕ್ಷರ. ಮಾಸ್ತರರು ಯಾವಾಗಲೂ ಬರೀ ಅಕ್ಷರವನ್ನೇ ಆಡುತ್ತಿದ್ದರು. ಅವರು ದೇವರಿಗೆ ಕಾಯಿ ಒಡೆಯಲು ಆ ಕಡೆ ತಿರುಗಿದಾಗ ನಾನು ಅಂಕಿಯದನ್ನು ಹಾಕಿಟ್ಟೆ. ನೀವು ಏನು ಬೇಕಾದರೂ ಅನ್ನಿ, ಗೊತ್ತಿದ್ದೇ ಹಾಕಿಟ್ಟೆ. ಒಂದು ಎಂಬ ಅಂಕಿ ಬಿದ್ದಾಗ ಅವರ ಬೆರಳು ಎಲ್ಲಿಗೆ ಹೋಗುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವರು ಆ ಕೋಣೆಯಲ್ಲಿ ಇರಲಿಲ್ಲ. ನನ್ನ ಬೆರಳೂ ಅಲ್ಲಿಗೇ ಹೋಗುತ್ತಿತ್ತು. ಅದನ್ನು ಬಿಡಿಸಲು ನಾನು ಹದಿನೈದು ದಿನ ರೊಟ್ಟಿ ಬಡಿಯುವ ಹಲಗೆಯ ಮೇಲೆ ಕೂಡ ಅಭ್ಯಾಸ ಮಾಡಿದ್ದೆ.

ಮೊದಲ ಒಂದು ಬಿತ್ತು. ಮಾಸ್ತರರು ಎಲ್ ಒತ್ತಿದರು. ಅದು ಒಡೆಯಲಿಲ್ಲ. ಮತ್ತೆ ಒತ್ತಿದರು, ಜೋರಾಗಿ ಒತ್ತಿದರು. ಮನೆ ಕುಸಿಯಿತು. ಎರಡನೆಯದು, ಮೂರನೆಯದು. ಅವರ ಕಿವಿ ಕೆಂಪಗಾಯಿತು. “ಮಷಿನ್ ಕೆಟ್ಟದೇನು?” ಎಂದರು. ಹಿಂದಿನಿಂದ ಯಾರೋ, “ಮಷಿನ್ ಚಲೋ ಅದ್ರಿ, ಮಾಸ್ತರೇ ಕೆಟ್ಟಾರ” ಎಂದರು. ಕೋಣೆಯೆಲ್ಲ ನಗೆ. ಅವರ ಮಗಳು ಮಹಾದೇವಿ, ಆಗಿನ್ನೂ ಶಾಲೆಯ ಹುಡುಗಿ, ಅಪ್ಪನ ಕುರ್ಚಿ ಹಿಡಿದು ನಿಂತವಳು ಒಬ್ಬಳೇ ನಗಲಿಲ್ಲ. ಆಮೇಲೆ ನಾನು ಕುಳಿತು ಆಡಿದೆ, ಒಂದು ಮನೆಯೂ ಬೀಳಲಿಲ್ಲ.

“ಶಾಭಾಸ್ ಬೇ. ಗೆದ್ದಿ” ಎಂದು ಮಾಸ್ತರರು ನನ್ನ ಕೈಗೆ ಕೊಬ್ಬರಿ ಸಕ್ಕರೆ ಕೊಟ್ಟರು. ಮುಂದಿನ ವಾರ ನನ್ನ ಅರ್ಜಿಗೆ ತಾವಾಗಿಯೇ ಸಹಿ ಹಾಕಿದರು. ಇವತ್ತಿಗೂ ನಾನು ಉಣ್ಣುವ ಅನ್ನ ಆ ಸರ್ಟಿಫಿಕೇಟಿನದು.

ಕಂಪ್ಯೂಟರಿನ ಮೇಲೆ ಅವತ್ತೇ ಬಟ್ಟೆ ಬಿತ್ತು. ಮಾಸ್ತರರು ಮತ್ತೆ ಅದರ ಮುಂದೆ ಕೂಡಲಿಲ್ಲ. ಅವರಿಗೆ ಕಂಪ್ಯೂಟರ್ ಬರುವುದಿಲ್ಲವೆಂಬ ಮಾತು ಊರಲ್ಲಿ ಹಬ್ಬಿತು, ಹುಡುಗರು ಹೊಸ ಸೆಂಟರುಗಳಿಗೆ ಹೋದರು, ಕೆಲವು ವರ್ಷಗಳಲ್ಲಿ ಇನ್‌ಸ್ಟಿಟ್ಯೂಟ್ ಮುಚ್ಚಿತು. ಟೈಪ್‌ರೈಟರಿನ ಕಾಲವೇ ಮುಗಿದಿತ್ತು, ಅದಕ್ಕೆ ಯಾರೇನು ಮಾಡುವುದು ಎಂದು ನೀವು ಸಮಾಧಾನ ಹೇಳಬಹುದು. ಇಷ್ಟು ವರ್ಷ ನಾನೂ ನನಗೆ ಅದನ್ನೇ ಹೇಳಿಕೊಂಡು ಬಂದೆ. ಒಂದು ಸಲವೂ ಅವರನ್ನು ನೋಡಲು ಹೋಗಲಿಲ್ಲ.

ಲಕ್ವಾದ ಸುದ್ದಿ ಕೇಳಿದ ಮೇಲೆ ನನಗೆ ಹಿಡಿದದ್ದು ಒಂದೇ ಹುಚ್ಚು. ಆ ಆಟವನ್ನು ಹುಡುಕಬೇಕು, ಅವರ ಮುಂದೆ ಇಡಬೇಕು, ಅವರು ಗೆಲ್ಲಬೇಕು. ಕ್ಷಮಿಸಿ ಎನ್ನುವುದು ಎಷ್ಟು ಸುಲಭವಿತ್ತು ನೋಡಿ. ನಾನು ಅದನ್ನು ಬಿಟ್ಟು ಸುತ್ತುಬಳಸಿನ ದಾರಿ ಹಿಡಿದೆ.

ಹಳೆಯ ಆಟಗಳನ್ನು ಗುಡ್ಡೆ ಹಾಕಿಟ್ಟ ಒಂದು ಜಾಲತಾಣದಲ್ಲಿ ಅದು ಸಿಕ್ಕಿತು. ನನ್ನ ಲ್ಯಾಪ್‌ಟಾಪು ಅದನ್ನು ತೆರೆಯಲು ಒಪ್ಪಲೇ ಇಲ್ಲ. ಇದಕ್ಕೆ ಎಮ್ಯುಲೇಟರ್ ಎಂಬ ಸಾಫ್ಟ್‌ವೇರ್ ಬೇಕೆಂದು ಓದಿ ತಿಳಿದೆ. ನಾಟಕದಲ್ಲಿ ಪ್ರಾಯದ ಹುಡುಗ ಬಿಳಿ ಗಡ್ಡ ಅಂಟಿಸಿಕೊಂಡು ಮುದುಕನ ಪಾರ್ಟು ಮಾಡುತ್ತಾನಲ್ಲ, ಹಾಗೆ ಅದು ಹೊಸ ಕಂಪ್ಯೂಟರಿನೊಳಗೆ ಹಳೆಯ ಕಂಪ್ಯೂಟರಿನ ವೇಷ ಹಾಕುತ್ತದೆ. ಹಳೆಯ ಆಟ ಮೋಸಹೋಗಿ ತನ್ನ ಕಾಲದಲ್ಲೇ ಇದ್ದೇನೆಂದುಕೊಂಡು ನಡೆಯುತ್ತದೆ. ಮೋಸದ ಕೆಲಸ ನನಗೆ ಹೊಸದಲ್ಲವಲ್ಲ, ಒಂದು ಭಾನುವಾರ ಬೆಳಿಗ್ಗೆಯೇ ಕುಳಿತೆ.

ಮೊದಲು ಬರೀ ಕಪ್ಪು ಪರದೆ. ಫೋಲ್ಡರಿಗೆ ಮಾಸ್ತರರ ಪೂರ್ತಿ ಹೆಸರಿಟ್ಟಿದ್ದೆ, ಆ ಕಾಲದ ಯಂತ್ರಕ್ಕೆ ಎಂಟಕ್ಷರ ದಾಟಿದರೆ ಹೆಸರು ಹಿಡಿಯುವುದಿಲ್ಲವಂತೆ. ಚಿಕ್ಕದು ಮಾಡಿದೆ. ಆಮೇಲೆ ಆಟ ಬಂತು, ಬಂದ ಕ್ಷಣವೇ ಮುಗಿಯಿತು. ಹೊಸ ಯಂತ್ರದ ವೇಗಕ್ಕೆ ಅಕ್ಷರಗಳು ಒಮ್ಮೆಲೇ ಸುರಿದು, ನಾನು ಕಣ್ಣು ಮಿಟುಕಿಸುವಷ್ಟರಲ್ಲಿ ಊರಿಗೆ ಊರೇ ಕುಸಿದಿತ್ತು. ಎಮ್ಯುಲೇಟರಿನ ವೇಗ ಇಳಿಸುತ್ತ ಇಳಿಸುತ್ತ ಹೋದೆ. ಅಡುಗೆ ಮನೆಯಿಂದ ನಮ್ಮವರು, “ಐವತ್ತು ದಾಟಿದ್ ಮ್ಯಾಲ ಆಟ ಚಾಲೂ ಮಾಡ್ಯಾಳ” ಎಂದು ಗೊಣಗಿದರು. ನಡು ಮಧ್ಯಾಹ್ನ, ನೆನಪಿನಲ್ಲಿದ್ದ ಆ ವೇಗ ಸಿಕ್ಕಿತು. ಅದನ್ನು ಬರೆದಿಟ್ಟುಕೊಂಡೆ. ಮುಂದಿನ ಭಾನುವಾರ ಧ್ವನಿಯೂ ಬಂತು. ಆ ಕುಂಯ್ ಕೇಳಿದಾಗ ತೊಗರಿ ಧೂಳು ಮೂಗಿಗೆ ಬಂದಂತಾಗಿ ಅತ್ತುಬಿಟ್ಟೆ.

ಅಷ್ಟಕ್ಕೆ ಬಿಡಬೇಕಿತ್ತು. ಆದರೆ ಮಾಸ್ತರರಿಗೆ ಈಗ ಬಲಗೈ ಮಾತ್ರ. ಒಂದರ ಕೀ ಇರುವುದು ಎಡಗಡೆ ತುದಿಯಲ್ಲಿ. ಎಮ್ಯುಲೇಟರಿನಲ್ಲಿ ಯಾವ ಕೀ ಒತ್ತಿದರೆ ಏನಾಗಬೇಕೆಂದು ಬದಲಿಸುವ ಸೌಲಭ್ಯವಿದೆ. ಎಲ್ ಒತ್ತಿದರೆ ಎಲ್ ಜೊತೆಗೆ ಒಂದೂ ಹೋಗುವಂತೆ ಮಾಡಿದೆ. ಅವರ ಬೆರಳು ಹಳೆಯ ರೂಢಿಯಂತೆ ಹೋಗಲಿ, ಈ ಸಲ ಮನೆ ಬೀಳುವುದಿಲ್ಲ. ವೇಗವನ್ನು ಇನ್ನೂ ಅರ್ಧಕ್ಕೆ ಇಳಿಸಿದೆ. ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡು, ಗೊಬ್ಬೂರಿನ ಮೇಲೆ ಹೋಗುವ ಅಫಜಲಪುರದ ಬಸ್ಸು ಹತ್ತಿದೆ.

ಗೊಬ್ಬೂರಿನಲ್ಲಿ ಮಹಾದೇವಿ ಬಾಗಿಲು ತೆರೆದಳು. ಗುರುತು ಹಿಡಿಯಲು ಅವಳಿಗೆ ಹೊತ್ತು ಬೇಕಾಗಲಿಲ್ಲ. “ಈಗ ಬಂದ್ರೇನ್ರಿ” ಎಂದಳು, ಅಷ್ಟೇ. ಮಾಸ್ತರರು ದಿಂಬಿಗೊರಗಿ ಕುಳಿತಿದ್ದರು. ಬಾಯಿ ಒಂದು ಕಡೆ ಸೊಟ್ಟಗಾಗಿತ್ತು, ವಿಭೂತಿ ಮಾತ್ರ ನೆಟ್ಟಗಿತ್ತು. ಮಾತು ತಡೆದು ತಡೆದು ಬರುತ್ತಿತ್ತು. ಲ್ಯಾಪ್‌ಟಾಪನ್ನು ಅವರ ಮುಂದಿನ ಮಣೆಯ ಮೇಲಿಟ್ಟೆ. ಮನೆಗಳ ಸಾಲು ಕಂಡದ್ದೇ ಅವರ ಕಣ್ಣು ದೊಡ್ಡದಾಯಿತು.

“ಆಣೆಕಲ್ಲು” ಎಂದರು.

ಬಲಗೈ ಮೆಲ್ಲಗೆ ಎದ್ದಿತು. ಅಕ್ಷರಗಳು ನಿಧಾನವಾಗಿ ಇಳಿದವು, ಅವರು ಒಂದೊಂದನ್ನೇ ಒಡೆದರು. ಮಹಾದೇವಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅಷ್ಟರಲ್ಲಿ ಬಲಗಡೆ ಒಂದು ಎಲ್, ಎಡಗಡೆ ಒಂದು ಎಂಬ ಅಂಕಿ, ಎರಡೂ ಜೊತೆಯಾಗಿ ಇಳಿಯತೊಡಗಿದವು. ಮಾಸ್ತರರು ಎಲ್ ಒತ್ತಿದರು. ಕುಂಯ್, ಕುಂಯ್. ಎರಡೂ ಒಡೆದವು.

ಅವರ ಕೈ ನಿಂತಿತು. ಕಣ್ಣು ಮುಚ್ಚಿದರು, ಕಿಟಕಿಯ ಹತ್ತಿರ ನಿಂತಾಗ ಮುಚ್ಚುತ್ತಿದ್ದಂತೆಯೇ.

“ಒಂದ ಸಲ ಒತ್ತೀನಿ. ಎರಡ ಸಲ ಒದರಿತು. ಏನ್ ಮಾಡೀದಿ?”

ನಾನು ಆಟವನ್ನು ನಿಲ್ಲಿಸಿದೆ.

“ಅವತ್ತ ಅಂಕಿ ಹಾಕಿದಾಕಿನೂ ನೀನೇ ಅಲ್ಲ?”

“ಹೌದ್ರಿ ಸರ್” ಎಂದೆ. “ಬೇಕಂತನೇ ಹಾಕಿದ್ದೆರಿ. ತಪ್ಪಾತ್ರಿ.”

“ಗೊತ್ತಿತ್ತು.” ಮಾಸ್ತರರು ಕಣ್ಣು ತೆರೆದರು. “ಅವತ್ತ ನನ್ನ ಸೋಲಸಾಕ ಮಾಡಿದಿ. ಇವತ್ತ ಗೆಲ್ಲಸಾಕ ಮಾಡಿದಿ. ನನ್ನ ಆಟ ನನಗ ಯಾವಾಗ ಆಡಗೊಡ್ತಿ?”

ಮಹಾದೇವಿ ಆಗ ಮಾತಾಡಿದಳು. “ಆ ಹಳೀ ಕಂಪ್ಯೂಟರಿನ ಕೀಬೋರ್ಡು ಇಲ್ಲೇ ತಂದಿದ್ರು ನೋಡ್ರಿ. ಲಕ್ವಾ ಹೊಡಿಯೋ ತನಕ ತೊಡಿ ಮ್ಯಾಲ ಇಟಗೊಂಡು ದಿನಾ ಅಂಕಿ ಬಡೀತಿದ್ರು. ಯಾತಕ್ ಅಪ್ಪಾ ಅಂದ್ರ, ಆಕಿ ಬಂದಾಳು ಅಂತಿದ್ರು.”

ನನಗೆ ಅಲ್ಲಿಂದ ಎದ್ದು ಓಡಬೇಕೆನಿಸಿತು. ಮಾಸ್ತರರು ಬಿಡಲಿಲ್ಲ. “ತಗಿ ಅದನ್ನ. ಅವತ್ತಿನ ಸ್ಪೀಡೇ ಹಚ್ಚು.”

“ಆಗಂಗಿಲ್ರಿ ಸರ್, ಭಾಳ ಜೋರಾಗ್ತದ.”

“ಹಚ್ಚು.”

ಕೀಯ ಮೋಸವನ್ನು ತೆಗೆದೆ. ಬರೆದಿಟ್ಟುಕೊಂಡಿದ್ದ ವೇಗವನ್ನು ಹಾಕಿದೆ. ಆಟ ಶುರುವಾಯಿತು. ಒಂದೇ ಕೈ, ಅದೂ ಮುದಿ ಕೈ, ಏನು ತಡೆದೀತು? ಮನೆಗಳು ಒಂದಾದ ಮೇಲೊಂದು ಕುಸಿದವು. ನಾನು ಮುಖ ತಿರುಗಿಸಲಿಲ್ಲ, ತಿರುಗಿಸುವ ಹಕ್ಕು ನನಗಿರಲಿಲ್ಲ. ಕೊನೆಗೆ ಎರಡು ಮನೆ ಉಳಿದಾಗ ಮೇಲಿಂದ ಒಂದು ಎಂಬ ಅಂಕಿ ಇಳಿಯತೊಡಗಿತು. ಮಾಸ್ತರರ ಕೈ ಎಲ್ ಮೇಲೇ ಇತ್ತು. ಅದು ಅಲ್ಲಿಂದ ಎದ್ದು, ಕೀಗಳನ್ನೆಲ್ಲ ದಾಟಿ, ಎಡ ತುದಿಯ ಕಡೆಗೆ ಹೊರಟಿತು. ತಲುಪುವುದರೊಳಗೆ ಮನೆ ಬಿತ್ತು. ಮತ್ತೊಂದು ಮನೆಯೂ ಬಿತ್ತು. ಪರದೆ ಕಪ್ಪಾಯಿತು. ಕೈ ಮಾತ್ರ ನಿಲ್ಲಲಿಲ್ಲ, ಮೆಲ್ಲಗೆ ಹೋಗಿ ಒಂದರ ಕೀಯನ್ನು ಒತ್ತಿ, ಅಲ್ಲೇ ಇತ್ತು.