ಬೋರಲು ಲೋಟ

ಬೀಗರೂಟದಲ್ಲಿ ಹೆಂಡದ ಸರದಿ ಬಂದರೆ ನಿಂಗರಾಜು ತನ್ನ ಲೋಟವನ್ನು ಬೋರಲು ಹಾಕಿ ಕೂರುತ್ತಿದ್ದ. ಯಾರು ರೇಗಿಸಿದರೂ ಅದು ಮೇಲೇಳುತ್ತಿರಲಿಲ್ಲ.

“ಅದ್ಕೂ ನಿದ್ದೆ ಬಂದದೆ ಕಣ್ರಲಾ, ಎಬ್ಬುಸ್ಬ್ಯಾಡಿ” ಎನ್ನುತ್ತಿದ್ದ.

ಎಲ್ಲರೂ ನಗುತ್ತಿದ್ದರು, ನನ್ನನ್ನು ಬಿಟ್ಟು. ಮನೆಗೆ ಬಂದ ಮೇಲೆ ಅವ್ವ, “ಅವುನ್ನ ನೋಡಿ ಕಲಿ ಕಣ್ಲಾ” ಎನ್ನುವುದು ಇದ್ದೇ ಇರುತ್ತಿತ್ತು.

ಅವನು ಚಿಕ್ಕವ್ವನ ಮಗ. ಅವಳು ತೀರಿಕೊಂಡ ಮೇಲೆ ಮಳವಳ್ಳಿಯ ನಮ್ಮ ಮನೆಯಲ್ಲೇ ಬೆಳೆದ. ಹುಡುಗನಾಗಿದ್ದಾಗ ಅವನಿಗೆ ಕಾಮಾಲೆಯಾಯಿತು. ಅವ್ವ ನೆಲನೆಲ್ಲಿ ಅರೆದು ಕುಡಿಸಿದಳು, ಮುಂಗೈಗೆ ಬರೆ ಹಾಕಿಸಿದಳು. ಕಣ್ಣು ಬೆಳ್ಳಗಾದ ದಿನ ರೋಗ ಹೋಯಿತೆಂದು ಪಥ್ಯ ಮುರಿದು, ಹಿತಕಿದ ಅವರೆಬೇಳೆ ಸಾರಿನಲ್ಲಿ ಮುದ್ದೆಯ ಮೊದಲ ತುತ್ತನ್ನು ತಾನೇ ಉಣಿಸಿದಳು. ನನಗೂ ಕಾಮಾಲೆ ಬರಬಾರದೇ ಎಂದು ಆಸೆಪಟ್ಟ ನೆನಪು. ನಿಜವಾಗಿ ಆಗಲೇ ಆಸೆಪಟ್ಟೆನೋ, ಆಮೇಲೆ ಸೇರಿಸಿಕೊಂಡೆನೋ, ಹೇಳಲಾರೆ.

ಎಂ.ಎ. ಮಾಡಿ ಮಂಡ್ಯದಲ್ಲಿ ಕಾಲೇಜು ಮೇಷ್ಟರಾದವನು ನಾನು. ಅವ್ವ ಕಾಯುತ್ತಿದ್ದುದು ಮಾತ್ರ ಶಿವನಸಮುದ್ರದ ಬಸ್ಸಿಗೆ. ಅವನಿಗೆ ಅಲ್ಲಿನ ಕರೆಂಟು ಕೇಂದ್ರದಲ್ಲಿ ಕೆಲಸ.

ಎಪ್ಪತ್ತರ ದಶಕದ ಕೊನೆಗೆ ಅವನ ಕೈಕಾಲು ಸಣ್ಣಗಾಗಿ ಹೊಟ್ಟೆ ಉಬ್ಬಿತು. ಒಳಗೊಳಗೇ ಕುಡಿಯುತ್ತಿದ್ದನೆಂದು ಊರು ಮಾತಾಡಿತು. ಮೈಸೂರಿನ ಡಾಕ್ಟರು ನನ್ನನ್ನು ಕರೆದು ಹೇಳಿದರು: ಈಲಿ, ಅಂದರೆ ಲಿವರು, ಕಲ್ಲಾಗಿದೆ, ಕ್ಯಾನ್ಸರ್ ಗಂಟೂ ಕಟ್ಟಿದೆ. ಇದಕ್ಕೆ ಕುಡಿತವೇ ಕಾರಣವಾಗಬೇಕಿಲ್ಲ. ಕೆಲವರಲ್ಲಿ ಕಣ್ಣು ಬೆಳ್ಳಗಾದರೂ ಕಾಮಾಲೆಯ ಸೋಂಕು ರಕ್ತದಲ್ಲೇ ಉಳಿದು ವರ್ಷಾನುಗಟ್ಟಲೆ ಈಲಿಯನ್ನು ಕೆಡಿಸುತ್ತದೆಂದು ಈಚೆಗೆ ತಿಳಿದುಬರುತ್ತಿದೆ.

ನಿಂಗರಾಜುವಿಗೂ ಹೇಳಿದೆ. ಅವನು ನನ್ನ ಕೈ ಹಿಡಿದುಕೊಂಡ.

“ಕುಡ್ದು ಸತ್ತ ಅನ್ನುಸ್ಬ್ಯಾಡ ಕಣಣ್ಣ. ನೀನು ಓದ್ದೋನು, ನಿನ್ ಮಾತು ಕೇಳ್ತರೆ. ದೊಡ್ಡವ್ವಂಗೆ ಮಾತ್ರ ಕಾಮಾಲೆ ಇಚಾರ ಬ್ಯಾಡ. ತಾನೇ ವಾಸಿ ಮಾಡ್ದೆ ಅಂದ್ಕೊಂಡವ್ಳೆ.”

ಸಾಯುವಾಗಲೂ ಅವನ ಚಿಂತೆ ನನ್ನ ಅವ್ವನದೇ.

ನಮ್ಮಲ್ಲಿ ತಿಥಿಯ ದಿನ ಸತ್ತವರಿಗೆ ಇಷ್ಟವಾದುದನ್ನೆಲ್ಲ ಎಡೆಗಿಡುತ್ತಾರೆ. ಒಬ್ಬಟ್ಟು, ಬಾಡು, ಬೀಡಿ ಇಟ್ಟಾಯಿತು. ಒಬ್ಬ ನೆಂಟ, ಮರುಕದಿಂದಲೇ, ಒಂದು ಲೋಟ ಹೆಂಡ ತಂದಿಟ್ಟ.

“ಇನ್ನೇನ್ ಮುಚ್ಚುಮರೆ, ಕುಡ್ಕಳ್ಳಿ ಬುಡು ಪಾಪ.”

ಡಾಕ್ಟರ ಮಾತು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವ್ವ ಎದ್ದು, ಹೆಂಡವನ್ನು ಹೊರಗೆ ಚೆಲ್ಲಿ, ಲೋಟ ತೊಳೆದು ತಂದು, ಎಲೆಯ ಪಕ್ಕ ಬೋರಲು ಹಾಕಿದಳು. ನೆಂಟ ತಲೆ ತಗ್ಗಿಸಿದ.

ನಿಂಗರಾಜು ನನಗೆಂದು ಬಿಟ್ಟುಹೋದ ಒಂದೇ ಕೆಲಸವನ್ನೂ ಅವ್ವ ಮಾಡಿ ಮುಗಿಸಿದ್ದಳು. ಎಡೆಯ ಮುಂದೆ ಕೂತು ಆ ಲೋಟವನ್ನೇ ನೋಡುತ್ತಿದ್ದೆ. ನನ್ನ ಎಡೆಗೆ ಏನಿಡಬೇಕೆಂದು ಅವ್ವನಿಗೆ ಗೊತ್ತಿದೆಯೇ? ಕೇಳಲು ಧೈರ್ಯವಾಗಲಿಲ್ಲ.